ಹಿತ್ತಲಲ್ಲೊಂದು ಬೆಂಕಿಗುಂಡಿ, ಸಿಮೆಂಟಿಲ್ಲದೆ

ಸಕಲೇಶಪುರದ ಕಡೆ ಡಿಸೆಂಬರ್ ಚಳಿಗೆ ಬೆಂಕಿ ಕಾಯಿಸದೆ ವಿಧಿಯಿಲ್ಲ. ದಿನಕ್ಕೊಂದು ಕಡೆ ಅಂಗಳ ಸುಡುವ ಬದಲು ಹಿತ್ತಲಲ್ಲಿ ಕಾಯಂ ಗುಂಡಿಯೊಂದನ್ನು ಕಟ್ಟಿಕೊಂಡೆ.

ಚಳಿಗಾಲದಲ್ಲಿ ನಮ್ಮಲ್ಲಿ ಮೂಡಗಾಳಿ ಹೆಚ್ಚು. ಹೊಗೆ ಒಳಗೆ ನುಗ್ಗಬಾರದೆಂದು ಮನೆಯ ಪಡುವಣಕ್ಕೆ, ಸೂರಿನಿಂದ 20 ಅಡಿ ಆಚೆ, ಮೇಲೆ ಕೊಂಬೆಯಿಲ್ಲದ ಜಾಗ ಹಿಡಿದೆ. ಸುತ್ತ ಬಿದ್ದಿದ್ದ ಸಿಲ್ವರ್ ಓಕ್ ತರಗೆಲೆಯನ್ನೆಲ್ಲ ಗುಡಿಸಿ ತೆಗೆದೆ. ಗೂಟಕ್ಕೆ 27 ಇಂಚಿನ ಹಗ್ಗ ಕಟ್ಟಿ ವೃತ್ತ ಎಳೆದೆ. ಇಟ್ಟಿಗೆಯ ಉದ್ದ 9 ಇಂಚು ಹೋದರೆ ಒಳಗೆ 3 ಅಡಿ ಅಗಲ ಉಳಿಯುತ್ತದೆ. ಆರೇಳು ಜನ ಸುತ್ತ ಕೂರಲು ಅಷ್ಟು ಸಾಕು.

ಮುಕ್ಕಾಲು ಅಡಿ ಅಗೆದ ಮೇಲೆ ನಡುವೆ ಹಾರೆಯಲ್ಲಿ ಇನ್ನೂ ಎರಡಡಿ ಆಳಕ್ಕೆ ತೂತು ಇಳಿಸಿ ಜಲ್ಲಿ ತುಂಬಿಸಿದೆ. ನಮ್ಮ ಮಳೆಗೆ ನೀರು ಇಂಗುವ ದಾರಿ ಇಲ್ಲದಿದ್ದರೆ ಅದು ಬೆಂಕಿಗುಂಡಿಯಲ್ಲ, ಕಪ್ಪೆಗುಂಡಿ. ತಳಕ್ಕೂ 5 ಇಂಚು ಜಲ್ಲಿ ಹರವಿದೆ.

ಹೇಮಾವತಿಯ ಗುಂಡುಕಲ್ಲು ಜೋಡಿಸಿದರೆ ಫೋಟೋಕ್ಕೆ ಚೆಂದ, ನಿಜ. ಆದರೆ ಹೊಳೆಗಲ್ಲಿನ ಬಿರುಕಲ್ಲಿ ನಿಂತ ನೀರು ಆವಿಯಾದಾಗ ಕಲ್ಲು ಸಿಡಿಯಬಹುದು. ನಾನು ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ತಂದೆ, ನೂರು. ಇಟ್ಟಿಗೆಯ ಗಿಡ್ಡ ಬದಿ ಬೆಂಕಿಯತ್ತ ಬರುವಂತೆ ಸಾಲಿಗೆ 25, ಒಟ್ಟು ನಾಲ್ಕು ಸಾಲು. ಒಳಗಡೆ ಇಟ್ಟಿಗೆಗೆ ಇಟ್ಟಿಗೆ ತಾಗುತ್ತದೆ, ಹೊರಗಡೆ ಮೂರು ಬೆರಳಗಲ ಬಾಯಿ ಬಿಡುತ್ತದೆ. ಅದಕ್ಕೆ ಒಡೆದ ಹಂಚಿನ ಚೂರು ಸಿಕ್ಕಿಸಿ ಮಣ್ಣು ಮೆತ್ತಿದೆ. ಮೊದಲ ಸಾಲು ನೆಲದೊಳಗೆ. ಎರಡನೆಯದರಲ್ಲಿ ನಾಲ್ಕು ಕಡೆ ಒಂದೊಂದು ಇಟ್ಟಿಗೆ ಬಿಟ್ಟು ಕಿಂಡಿ ಮಾಡಿದೆ. ಬುಡದಿಂದ ಗಾಳಿ ಹೊಕ್ಕರೆ ಉರಿ ಏಳುತ್ತದೆ, ಹೊಗೆ ಕಡಿಮೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ಕಿಂಡಿಗಳು ಮತ್ತು ಕೆಳಗಿನ ಜಲ್ಲಿ, ಮಿಕ್ಕದ್ದು ಅಲಂಕಾರ.

"ಸಿಮೆಂಟ್ ಹಾಕ್ಬಿಡಿ, ಗಟ್ಟಿಯಾಗಿರುತ್ತೆ" ಅಂದ ಗಾರೆಯವನಿಗೆ ಅಮ್ಮನೇ ಉತ್ತರ ಕೊಟ್ಟಳು: "ಒಲೆಗೆ ಯಾರಾದ್ರೂ ಸಿಮೆಂಟ್ ಹಾಕ್ತಾರೇನಪ್ಪ?" ಕಾವಿಗೆ ಸಿಮೆಂಟಿನೊಳಗಿನ ತೇವ ಹೋಗಿ ಅದು ಪುಡಿಯಾಗುತ್ತದೆ. ಕೆಮ್ಮಣ್ಣಿಗೆ ಮರಳು, ಭತ್ತದ ಹೊಟ್ಟು ಸೇರಿಸಿ ತುಳಿದು ರಾತ್ರಿಯಿಡೀ ನೆನೆಯಲು ಬಿಟ್ಟೆವು. ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟಾಗ ಚಪ್ಪಟೆಯಾಗಬೇಕು, ಒಡೆಯಬಾರದು: ಅಮ್ಮ ಹದ ನೋಡುವುದು ಹೀಗೆ. ಕಟ್ಟಿ ವಾರ ಒಣಗಿಸಿ, ಮೊದಲು ತೆಂಗಿನ ಚಿಪ್ಪಿನ ಸಣ್ಣ ಉರಿ ಮಾತ್ರ ಹಾಕಿದೆವು.

ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ. ರಾತ್ರಿ ನಿಲ್ಲುವ ಕೆಂಡಕ್ಕೆ ಒಣಗಿದ ಕಾಫಿ ಬೊಡ್ಡೆಯೇ ಆಗಬೇಕು. ಗೆಣಸು ಸುಡಲೂ ಆ ಕೆಂಡವೇ ಸರಿ. ಬಿದಿರು ಢಮಾರನೆ ಒಡೆದು ಕಿಡಿ ಹಾರಿಸುತ್ತದೆ. ಮಕ್ಕಳು ಕೂತಿದ್ದರೆ ಹಾಕಬೇಡಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಬೇಡವೇ ಬೇಡ.

ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೂ ಆರುವುದಿಲ್ಲ. ಮಲಗುವ ಮುನ್ನ ನೀರು ಹೊಯ್ದು ಕೋಲಿನಲ್ಲಿ ಕೆದಕುತ್ತೇನೆ. ಜೂನ್ ಬಂದರೆ ಮೇಲೊಂದು ಹಳೆ ಜಿಂಕ್ ಶೀಟು. ದೀಪಾವಳಿ ಹೊತ್ತಿಗೆ ಹೊರಮೈಯ ಮಣ್ಣು ಅಲ್ಲಲ್ಲಿ ಕಿತ್ತಿರುತ್ತದೆ, ಒಂದು ಬುಟ್ಟಿ ಮಣ್ಣು ಕಲಸಿ ಮೆತ್ತಿದರಾಯಿತು.