ಟಿವಿಯಲ್ಲಿ ವಿಜ್ಞಾನ ಹೇಳಲು ಕರೆದರೆ ಒನಕೆ ಮರೆಯಬೇಡಿ

ಗ್ರಹಣ ಹತ್ತಿರ ಬಂದಾಗ ಟಿವಿಯವರಿಗೆ ವಿಜ್ಞಾನದ ಟೀಚರ್‌ಗಳು ನೆನಪಾಗುತ್ತಾರೆ. ಫೋನ್ ಬರುವುದು ಸಾಮಾನ್ಯವಾಗಿ ಹಿಂದಿನ ದಿನ. "ಮೇಡಮ್, ಸಂಜೆ ಆರೂವರೆಗೆ ಲೈವ್ ಇದೆ, ಬರ್ತೀರಾ?" ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಇಂಥ ಚರ್ಚೆಗಳಿಗೆ ಆರೇಳು ಸಲ ಹೋಗಿದ್ದೇನೆ. ಈಗ ಚಿಕ್ಕ ವಯಸ್ಸಿನ ಟೀಚರ್‌ಗಳು ಫೋನ್ ಮಾಡಿ, ಏನು ತಯಾರಿ ಮಾಡಿಕೊಳ್ಳಬೇಕು ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹೋಗಿ. ಅಲ್ಲಿ ಬರೀ ಗಲಾಟೆ ಅಂತ ಬಿಟ್ಟುಬಿಡಬೇಡಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನ್‌ಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು. ವಾಸಿಯಾಗುತ್ತೆ ಅನ್ನುವ ಆಸೆ. ಆ ತಂದೆ ತಾಯಿ ಕೆಟ್ಟವರಲ್ಲ. ಅವರಿಗೆ ಯಾರೂ ಕೂತು ಹೇಳಿಲ್ಲ, ಅಷ್ಟೆ. ನಮ್ಮ ಪಾಠದ ಪುಸ್ತಕ ಹೋಗದ ಮನೆಗೂ ಟಿವಿ ಹೋಗುತ್ತದೆ.

ಒಪ್ಪಿಕೊಳ್ಳುವಾಗಲೇ ಮೂರು ವಿಷಯ ಕೇಳಿ. ಪಕ್ಕದಲ್ಲಿ ಯಾರು ಕೂರುತ್ತಾರೆ? ನೋಡುಗರ ಫೋನ್ ಕರೆ ಇದೆಯಾ? ಏನಾದರೂ ಮಾಡಿ ತೋರಿಸಲು ಬಿಡುತ್ತಾರಾ? ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು, ಆಂಕರ್ ಮಾತು, ಉಳಿದವರ ಮಾತು ಎಲ್ಲ ಕಳೆದರೆ ನಿಮ್ಮ ಪಾಲಿಗೆ ಆರೇಳು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಒಂದು ವಿಷಯ ಸರಿಯಾಗಿ ಹೇಳಬಹುದು. ಎರಡು ಹೇಳಲು ಹೋದರೆ ಎರಡೂ ನಿಲ್ಲುವುದಿಲ್ಲ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಹಿಂದೆ ಹಸಿರು ಪರದೆ ಹಾಕಿದ್ದರೆ ಹಸಿರು ಸೀರೆ ಬೇಡ, ಸೀರೆಯ ಜಾಗದಲ್ಲೂ ಹಿಂದಿನ ಚಿತ್ರವೇ ಕಾಣುತ್ತದೆ. ಸಣ್ಣ ಗೆರೆಯ ಬಟ್ಟೆ ಕ್ಯಾಮೆರಾದಲ್ಲಿ ಮಿನುಗುತ್ತದೆ. ಗಾಜಿನ ಬಳೆಯ ಸದ್ದು ಮೈಕ್‌ಗೆ ಹೋಗುತ್ತದೆ, ತೆಗೆದು ಚೀಲದಲ್ಲಿಡಿ. ಆದರೆ ಒಂದು ಬಳೆ ಕೈಗೆ ಸಿಗುವಂತಿರಲಿ.

ಯಾಕೆಂದರೆ 2019ರದ್ದು ಕಂಕಣ ಗ್ರಹಣ. ಕಂಕಣ ಅಂದರೆ ಬಳೆ. ಎಷ್ಟು ಒಳ್ಳೆಯ ಹೆಸರು ಅಲ್ವಾ? ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರವೂ ಇದ್ದಾನೆ. ಅದಕ್ಕೇ ಇಬ್ಬರೂ ಒಂದೇ ಅಳತೆಯವರಂತೆ ಕಾಣುತ್ತಾರೆ. ಚಂದ್ರ ಭೂಮಿಯಿಂದ ಸ್ವಲ್ಪ ಜಾಸ್ತಿ ದೂರ ಇರುವಾಗ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಅಂಚು ಬಳೆಯಂತೆ ಉಳಿಯುತ್ತದೆ. ಇದನ್ನು ಬರೀ ಬಾಯಲ್ಲಿ ಹೇಳಬೇಡಿ. "ಮನೆಯಲ್ಲಿ ಕೂತವರು ಒಂದು ಕಣ್ಣು ಮುಚ್ಚಿ, ಒಂದು ರೂಪಾಯಿ ನಾಣ್ಯದಿಂದ ದೂರದ ಬಲ್ಬ್ ಮುಚ್ಚಿ. ಈಗ ನಾಣ್ಯವನ್ನು ನಿಧಾನವಾಗಿ ದೂರ ತಗೊಂಡು ಹೋಗಿ" ಅನ್ನಿ. ಬಲ್ಬಿನ ಅಂಚು ಸುತ್ತಲೂ ಇಣುಕುತ್ತದೆ. ಆಗ ಬಳೆ ಎತ್ತಿ ತೋರಿಸಿ.

ಭಾಷೆಯನ್ನು ನನಗೆ ತಿದ್ದಿದ್ದು ಅಮ್ಮ. ಮೊದಲ ಕಾರ್ಯಕ್ರಮದಲ್ಲಿ ಪಠ್ಯಪುಸ್ತಕದ ಮಾತಿನಲ್ಲೇ ಉಪಛಾಯೆ, ಖಗೋಳ ವಿದ್ಯಮಾನ ಅಂತೆಲ್ಲ ಹೇಳಿದ್ದೆ. ಮನೆಗೆ ಬಂದ ಮೇಲೆ ಅಮ್ಮ, "ನೆರಳು ಅಂತ ಹೇಳಿದ್ರೆ ಸಾಕಿತ್ತಲ್ವೇನೆ?" ಅಂದಳು. ಸಾಕಿತ್ತು. ಅಂದಿನಿಂದ ಹೇಳಬೇಕಾದ್ದನ್ನು ಮೊದಲು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಹೇಳುತ್ತೇನೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರೆ ಆ ಮಾತು ಸ್ಟುಡಿಯೋಗೆ ಬರುತ್ತದೆ.

ಈಗ ಒನಕೆ. ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗ್ರಹಣ ಹಿಡಿದಿರುವಾಗ ಮಾತ್ರ ನಿಲ್ಲುತ್ತೆ, ಬಿಟ್ಟ ಮೇಲೆ ಬೀಳುತ್ತೆ ಅನ್ನುತ್ತಾರೆ. 2019ರ ಡಿಸೆಂಬರ್ 25ರ ಸಂಜೆ ನನ್ನನ್ನು ಕರೆದಿದ್ದರು. ಪಕ್ಕದ ಮನೆಯಿಂದ ಒನಕೆ ಇಸಿದುಕೊಂಡು ಆಟೋದಲ್ಲಿ ತಗೊಂಡು ಹೋದೆ. ಗ್ರಹಣ ಮರುದಿನ ಬೆಳಗ್ಗೆ 8 ಗಂಟೆಯ ಮೇಲೆ. ಅಂದರೆ ಆ ಸಂಜೆ ಯಾವ ಗ್ರಹಣವೂ ಇಲ್ಲ. ನೆಲಕ್ಕೆ ಕಾರ್ಪೆಟ್ ಇತ್ತು, ಎರಡು ಸಲ ಒನಕೆ ವಾಲಿತು. ಕೈ ನಡುಗುತ್ತಿತ್ತು. ಕಾರ್ಪೆಟ್ ಸರಿಸಿ ಗಟ್ಟಿ ನೆಲದ ಮೇಲೆ ತಟ್ಟೆ ಇಟ್ಟು, ಮೂರನೇ ಸಲ ನಿಲ್ಲಿಸಿ ಕೈ ಬಿಟ್ಟೆ. ನಿಂತಿತು. ಕ್ಯಾಮೆರಾ ಹಿಡಿದ ಹುಡುಗ ತಲೆ ಎತ್ತಿ ನೇರವಾಗಿ ಒನಕೆಯನ್ನೇ ನೋಡಿದ. ಆಮೇಲೆ ನಾನು ಹೇಳಿದ್ದು ಎರಡೇ ಮಾತು. ತಳ ಚಪ್ಪಟೆ ಇದೆ, ಭಾರ ನೇರವಾಗಿ ತಳದ ಮೇಲೆ ಬಿದ್ದರೆ ನಿಲ್ಲುತ್ತದೆ. ಗ್ರಹಣ ಇಲ್ಲದ ದಿನ ನಾವು ಯಾರೂ ನಿಲ್ಲಿಸಿ ನೋಡುವುದಿಲ್ಲ. ನೀವೂ ಹೀಗೆ ಮನೆಯ ವಸ್ತು ಒಂದನ್ನು ಹುಡುಕಿ. ಹಿಂದಿನ ರಾತ್ರಿ ಹತ್ತು ಸಲವಾದರೂ ಅಭ್ಯಾಸ ಮಾಡಿ.

ಫೋನ್ ಕರೆಗಳು ಬಂದಾಗ ನಿಧಾನ ಮಾಡಿ. "ಟಿವಿ ವಾಲ್ಯೂಮ್ ಕಮ್ಮಿ ಮಾಡಿ" ಅಂತ ಆಂಕರ್ ಹೇಳುತ್ತಾರಲ್ಲ, ಆ ಹೊತ್ತಿನಲ್ಲಿ ಉಸಿರು ತಗೊಳ್ಳಿ. ನಮ್ಮ ಮಾತು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ ಅವರ ಟಿವಿಗೆ ಇಳಿಯಬೇಕು. ದಾರಿಯಲ್ಲಿ ಯಂತ್ರಗಳ ಕೆಲಸವೂ ಸೇರಿ ಟಿವಿಯ ದನಿ ಅವರಿಗೆ ತಡವಾಗಿ ಕೇಳುತ್ತದೆ, ಫೋನಿನ ಮಾತಿಗೆ ಅಡ್ಡ ಬರುತ್ತದೆ.

ಆ ಸಂಜೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. ಏಳು ತಿಂಗಳ ಬಸುರಿ. "ಮೇಡಮ್, ನಾಳೆ ತರಕಾರಿ ಹೆಚ್ಚಿದರೆ ಮಗುವಿಗೆ ತುಟಿ ಸೀಳುತ್ತಾ? ಏನೂ ತಿನ್ನಬಾರದಾ?" ಅವಳ ದನಿ ತೀರಾ ಸಣ್ಣದಾಗಿತ್ತು. ಪಕ್ಕದಲ್ಲಿ ಮನೆಯವರು ಇದ್ದಾರೆ ಅನ್ನಿಸಿತು. ಅವಳಿಗೆ ಬೇಕಾಗಿದ್ದು ಊಟ ಮಾಡಲು ಒಂದು ಒಪ್ಪಿಗೆ. ನಾನು ಹೇಳಿದೆ: "ಮಗುವಿನ ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ, ಪುಟ್ಟಾ. ನಿನ್ನ ಮಗುವಿಗೆ ಆ ಕೆಲಸ ಮುಗಿದು ತಿಂಗಳುಗಳೇ ಆದವು. ನೆರಳು ಬಂದು ಅದನ್ನು ಮತ್ತೆ ಸೀಳುವುದಿಲ್ಲ. ಊಟ ಬಿಡಬೇಡ, ನೀರು ಬಿಡಬೇಡ. ಅತ್ತೆಯವರು ಹತ್ತಿರ ಇದ್ದರೆ ಅವರಿಗೂ ನಮಸ್ಕಾರ, ಅವರೂ ಕೇಳಲಿ." ಬೈಯಬೇಡಿ. ಅತ್ತೆಯನ್ನು ಸೊಸೆಯ ಮುಂದೆ ಸಣ್ಣವರನ್ನಾಗಿ ಮಾಡಿದರೆ ಆ ಹುಡುಗಿಗೆ ಮರುದಿನವೂ ಊಟ ಸಿಗುವುದಿಲ್ಲ.

ಇದು ನನಗೆ ಗೊತ್ತು. 1995ರ ಅಕ್ಟೋಬರ್ 24ರ ಗ್ರಹಣದ ದಿನ ನಾನೂ ಬಸುರಿ. ಬೆಳಗ್ಗೆಯಿಂದ ಕೋಣೆಯೊಳಗೆ ಕೂರಿಸಿದ್ದರು. ಹೊರಗೆ ನಡುಮನೆಯ ಟಿವಿಯಲ್ಲಿ ದೂರದರ್ಶನ ನೇರ ಪ್ರಸಾರ ಮಾಡುತ್ತಿತ್ತು. ಭೌತವಿಜ್ಞಾನಿ ಪ್ರೊಫೆಸರ್ ಯಶ್ ಪಾಲ್ ವಿವರಿಸುತ್ತಿದ್ದರು. ನನಗೆ ಚಿತ್ರ ಕಾಣುತ್ತಿರಲಿಲ್ಲ, ಬಾಗಿಲ ಸಂದಿಯಿಂದ ದನಿ ಮಾತ್ರ. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ಖುಷಿ ಇತ್ತು. ವಿಜ್ಞಾನದ ಟೀಚರ್ ಆಗಿದ್ದೂ ಹಸಿದು ಕೂತಿದ್ದ ನನಗೆ ಆ ದನಿಯೇ ಧೈರ್ಯ ಕೊಟ್ಟಿತು. ನೀವು ಮಾತಾಡುವಾಗಲೂ ಯಾವುದೋ ಕೋಣೆಯೊಳಗೆ ಒಬ್ಬಳು ಕೇಳುತ್ತಿದ್ದಾಳೆ ಅಂದುಕೊಂಡೇ ಮಾತಾಡಿ.

ಪಕ್ಕದಲ್ಲಿ ಜ್ಯೋತಿಷಿ ಇದ್ದರೆ ಜಗಳಕ್ಕೆ ಇಳಿಯಬೇಡಿ. ಗ್ರಹಣದ ಸಮಯ ಪಂಚಾಂಗದಲ್ಲಿ ಸರಿಯಾಗಿದ್ದರೆ ಸರಿ ಇದೆ ಅನ್ನಿ, ಅದು ಲೆಕ್ಕ. ಯಾವ ರಾಶಿಗೆ ಕೆಡುಕು ಅನ್ನುವುದಕ್ಕೆ ಅಂಥ ಲೆಕ್ಕ ಇಲ್ಲ ಅಂತಲೂ ಹೇಳಿ. ಆಮೇಲೆ ಕ್ಯಾಮೆರಾ ಕಡೆ ತಿರುಗಿ.

ಕೊನೆಯ ಒಂದು ನಿಮಿಷವನ್ನು ಕಣ್ಣಿಗಾಗಿ ಇಟ್ಟುಕೊಳ್ಳಿ, ಆಂಕರ್‌ಗೆ ಮೊದಲೇ ಹೇಳಿಡಿ. ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಬಾರದು. ಎಕ್ಸ್‌ರೇ ಹಾಳೆ, ಕೂಲಿಂಗ್ ಗ್ಲಾಸ್ ಬೇಡ. ಕಣ್ಣಿನ ಒಳಪರದೆ ಸುಟ್ಟರೂ ನೋವು ಗೊತ್ತಾಗುವುದಿಲ್ಲ. ಗ್ರಹಣದ ಕನ್ನಡಕ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ತೂತಿನ ಜಾಲರಿ ಸೌಟು ಹಿಡಿದು ನೆಲ ನೋಡಲಿ. ತೂತಿಗೊಂದು ಪುಟ್ಟ ಸೂರ್ಯ ಮೂಡುತ್ತಾನೆ.

2031ರ ಮೇ 21ಕ್ಕೆ ಮತ್ತೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡಿನ ಮೇಲೆ ಹಾದುಹೋಗುತ್ತದೆ. ನಮ್ಮಲ್ಲಿ ಭಾಗಶಃ ಕಾಣುತ್ತದೆ. ಆಗ ನಿಮಗೂ ಫೋನ್ ಬರಬಹುದು. ಈಗಿನ ಮನೆಗಳಲ್ಲಿ ಒನಕೆ ಸಿಗುವುದು ಕಷ್ಟ, ಊರಿಗೆ ಹೋದಾಗ ಒಂದು ತಂದಿಟ್ಟುಕೊಳ್ಳಿ.