ಬ್ಲೇಡು, ಬಲ್ಬು, ಬ್ಯಾಟರಿ: ‘ಬ’ ಅಕ್ಷರದ ಕಸವನ್ನು ಎಸೆಯುವ ಮುಂಚೆ

ಮೈಸೂರಿನಲ್ಲಿ ನಮ್ಮದು ಗುಜರಿ ಅಂಗಡಿ. ನೀವು ಮನೆಯಿಂದ ಹೊರಗೆ ಹಾಕಿದ್ದನ್ನು ದಿನವೂ ಕೈಯಲ್ಲಿ ಮುಟ್ಟಿ ವಿಂಗಡಿಸುವವರು ನಾವು. ಎಲ್ಲಿಗೆ ಹಾಕಬೇಕು ಅಂತ ಜನ ನನ್ನನ್ನು ಕೇಳುವ ಸಾಮಾನುಗಳಲ್ಲಿ ಬಹಳಷ್ಟು ‘ಬ’ದಿಂದಲೇ ಶುರುವಾಗುತ್ತವೆ. ಅದಕ್ಕೇ ಅವನ್ನೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಬ್ಲೇಡು. ನಮ್ಮಲ್ಲಿ ಪ್ಲಾಸ್ಟಿಕ್ ಆರಿಸುವ ಅಕ್ಕನ ಬೆರಳು ಸೀಳಿದ್ದು ಹಾಲಿನ ಕವರಿನೊಳಗೆ ಯಾರೋ ಸೇರಿಸಿದ್ದ ಶೇವಿಂಗ್ ಬ್ಲೇಡಿನಿಂದ. ಪೌರಕಾರ್ಮಿಕರಿಗೂ ಇದೇ ಕಾಟ. ನೀವು ಮಾಡಬೇಕಾದ್ದು ಇಷ್ಟೇ: ಮುಚ್ಚಳ ಇರುವ ಒಂದು ಹಳೇ ತಗಡಿನ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಬ್ಲೇಡು ನುಗ್ಗುವಷ್ಟು ಸೀಳು ಮಾಡಿ, ಮುಚ್ಚಿ ಬಾತ್‌ರೂಮಿನಲ್ಲಿ ಎತ್ತರದಲ್ಲಿಡಿ. ಮುಗಿದ ಬ್ಲೇಡೆಲ್ಲ ಅದರೊಳಗೇ ಬೀಳಲಿ. ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಮೇಲೆ ‘ಬ್ಲೇಡು’ ಅಂತ ಬರೆದು ಕೊಡಿ. ಡಬ್ಬಿ ಇಲ್ಲದಿದ್ದರೆ ದಪ್ಪ ರಟ್ಟಿನ ನಡುವೆ ಇಟ್ಟು ಸುತ್ತಲೂ ಟೇಪ್ ಹಾಕಿ. ಬರೀ ಪೇಪರಿನಲ್ಲಿ ಮಡಚಿದರೆ ಸಾಲದು, ಒದ್ದೆಯಾದ ತಕ್ಷಣ ಹರಿಯುತ್ತದೆ. ಒಡೆದ ಗಾಜಿನ ಬಳೆಗೂ ಇದೇ ದಾರಿ.

ಬಲ್ಬಿನಲ್ಲಿ ಮೂರು ಜಾತಿ. ಹಳೇ ತಂತಿಯ ಬಲ್ಬು ಬರೀ ಗಾಜು ಮತ್ತು ಲೋಹ. ರಟ್ಟಿನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು ಒಣಕಸಕ್ಕೆ ಕೊಡಿ. ಎಲ್‌ಇಡಿಯೊಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದು ಇ-ಕಸ, ಅಂದರೆ ಎಲೆಕ್ಟ್ರಾನಿಕ್ ಕಸ. ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟಿನಲ್ಲಿ ಪಾದರಸ ಇದೆ. ಸ್ವಲ್ಪವೇ, ಆದರೂ ವಿಷ. ಹೊಸ ಬಲ್ಬು ತಂದ ಡಬ್ಬದಲ್ಲೇ ಹಳೆಯದನ್ನು ಹಾಕಿಟ್ಟು ಇ-ಕಸ ತೆಗೆದುಕೊಳ್ಳುವವರಿಗೆ ಕೊಡಿ.

ಸಿಎಫ್‌ಎಲ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆಗೆದು 10-15 ನಿಮಿಷ ನೀವೂ ಹೊರಗಿರಿ. ಆಮೇಲೂ ಪೊರಕೆ ಮುಟ್ಟಬೇಡಿ, ಪುಡಿ ಎಲ್ಲ ಕಡೆ ಹರಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಗಟ್ಟಿ ರಟ್ಟಿನಿಂದ ಚೂರುಗಳನ್ನು ಒಟ್ಟು ಮಾಡಿ. ಉಳಿದ ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆಯಿರಿ. ಒದ್ದೆ ಪೇಪರಿನಿಂದ ನೆಲ ಒರೆಸಿ. ಎಲ್ಲವನ್ನೂ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

ಬ್ಯಾಟರಿ ವಿಷಯದಲ್ಲಿ ನನಗೆ ನಿಜಕ್ಕೂ ಭಯ. ಗುಜರಿ ಅಂಗಡಿ ಅಂದರೆ ಪೇಪರು, ರಟ್ಟು, ಪ್ಲಾಸ್ಟಿಕ್ಕಿನ ರಾಶಿ. ಅದರೊಳಗೆ ಒಂದು ಲಿಥಿಯಂ ಬ್ಯಾಟರಿ ಜಜ್ಜಿಹೋದರೂ ಸಾಕು, ಬೆಂಕಿ ಹತ್ತಿಕೊಳ್ಳಬಹುದು. ಹಳೇ ಮೊಬೈಲಿನ ಬ್ಯಾಟರಿ, ಪವರ್ ಬ್ಯಾಂಕ್, ಬ್ಲೂಟೂತ್ ಸಾಮಾನು ಯಾವುದನ್ನೂ ಕಸದ ಬುಟ್ಟಿಗೆ ಹಾಕಬೇಡಿ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಬೇಗ ಇ-ಕಸದವರಿಗೆ ತಲುಪಿಸಿ. ರಿಮೋಟಿನ ಸೆಲ್ ಮುಗಿದ ದಿನವೇ ತೆಗೆದುಬಿಡಿ, ಸೋರಿದರೆ ರಿಮೋಟೂ ಹಾಳು. ಗುಂಡಿಯಂಥ ಸಣ್ಣ ಸೆಲ್ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಎಕ್ಸ್‌ಚೇಂಜ್‌ಗೆ ಕೊಡಿ. ಕೆಟ್ಟ ಬ್ಯಾಟರಿ ವಾಪಸ್ ತರಿಸಿಕೊಳ್ಳುವ ಜವಾಬ್ದಾರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮವು ಬ್ಯಾಟರಿ ತಯಾರಿಸುವವರ ಮೇಲೇ ಹಾಕಿದೆ. ಹೊತ್ತು ತರಲು ಭಾರ ಅಂತ ಆಸಿಡ್ಡನ್ನು ಚರಂಡಿಗೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಸೀಸವೂ ಇರುತ್ತದೆ.

ಬಾಟಲಿ ಒಣಗಿರಬೇಕು, ಅಷ್ಟೇ. ಅಡುಗೆ ಎಣ್ಣೆಯ ಬಾಟಲಿಯನ್ನು ರಾತ್ರಿ ತಲೆಕೆಳಗು ಮಾಡಿಡಿ. ಬೆಳಿಗ್ಗೆ ಪಾತ್ರೆ ತೊಳೆದ ಸೋಪಿನ ನೀರಲ್ಲಿ ಕುಲುಕಿ ಒಣಗಿಸಿ. ಬಿಯರ್ ಬಾಟಲಿಯನ್ನು ಸುಮ್ನೆ ಒಡೆಯಬೇಡಿ. ಇಡಿಯಾಗಿದ್ದರೆ ತೊಳೆದು ಮತ್ತೆ ತುಂಬುತ್ತಾರೆ, ಒಡೆದರೆ ಗಾಜಿನ ತೂಕಕ್ಕಷ್ಟೇ ಬೆಲೆ. ಫಿನಾಯಿಲ್, ಆಸಿಡ್ ಬಾಟಲಿಗೆ ಕುಡಿಯುವ ನೀರು ತುಂಬಲೇಬೇಡಿ, ಎಷ್ಟು ತೊಳೆದರೂ.

ಬಟ್ಟೆಯನ್ನು ಒಗೆದು ಒಣಗಿಸಿ ಕೊಡಿ. ಒದ್ದೆ ಬಟ್ಟೆ ಗಂಟಿನಲ್ಲೇ ಬೂಷ್ಟು ಹಿಡಿಯುತ್ತದೆ. ಹಾಕಿಕೊಳ್ಳಲು ಬರುವುದನ್ನು ಬೇರೆ ಇಡಿ. ಹರಿದ ಬನಿಯನ್, ಲುಂಗಿಯಂಥ ಹತ್ತಿ ಬಟ್ಟೆ ಗ್ಯಾರೇಜಿನವರಿಗೆ ಬೇಕು, ಎಣ್ಣೆ ಒರೆಸಲು ನೈಲಾನು ಬರುವುದಿಲ್ಲ ಅಲ್ವಾ. ಹಳೇ ಸೀರೆ ಮೆತ್ತಗಿದ್ದರೆ ಕೌದಿ (ಹಳೇ ಬಟ್ಟೆ ಜೋಡಿಸಿದ ಹೊದಿಕೆ) ಹೊಲಿಯುವವರನ್ನು ವಿಚಾರಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ, ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರಲ್ಲಿ ಈ ಕೆಲಸ ಇನ್ನೂ ಇದೆ. ಅಂಥ ಕೌದಿ ನೋಡಿದ ಮೇಲೆ ಸೀರೆ ಎಸೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಬಾಳೆಹಣ್ಣಿನ ಸಿಪ್ಪೆ ಹಸಿಕಸ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟದೆ ಹಾಗೇ ಹಾಕಿ. ಬ್ಯಾಂಡೇಜನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಡೈಪರಿನ ಜೊತೆ ಬೇರೆಯಾಗಿ ಕೊಡಿ. ಹಲ್ಲುಜ್ಜುವ ಬ್ರಶ್ಶನ್ನು ನಾವ್ಯಾರೂ ಕೊಳ್ಳುವುದಿಲ್ಲ, ಹಿಡಿ ಒಂದು ಥರ, ಎಳೆ ಇನ್ನೊಂದು ಥರದ ಪ್ಲಾಸ್ಟಿಕ್. ಸಿಂಕಿನ ಮೂಲೆ ತಿಕ್ಕಲು ಇಟ್ಟುಕೊಳ್ಳಿ.

ಒಡೆದ ಬಕೆಟ್ಟು ಖಂಡಿತ ತನ್ನಿ. ಕಂಬಿಯ ಹಿಡಿ ಇದ್ದರೆ ಮೊದಲೇ ಬಿಚ್ಚಿ ಬೇರೆ ಇಡಿ. ಕಬ್ಬಿಣದ ರೇಟೇ ಬೇರೆ, ಪ್ಲಾಸ್ಟಿಕ್ಕಿನ ರೇಟೇ ಬೇರೆ. ಸಿಮೆಂಟು ಕಲಸಿದ ಬಕೆಟ್ಟಾಗಿದ್ದರೆ ಅಂಟಿದ್ದನ್ನು ತಟ್ಟಿ ಉದುರಿಸಿಕೊಂಡು ಬನ್ನಿ. ಸಿಮೆಂಟನ್ನು ಯಾರೂ ತೂಕಕ್ಕೆ ಹಾಕುವುದಿಲ್ಲ.