ಮೊದಲು ಸ್ಪೀಕರ್ ಸರಿಸಿ, ಆಮೇಲೆ ಪರ್ಸ್ ತೆಗೆಯಿರಿ

ನನ್ನ ಸ್ಪೀಕರ್‌ಗಳು ನಾಲ್ಕು ವರ್ಷ ಗೋಡೆಗೆ ಅಂಟಿಕೊಂಡೇ ನಿಂತಿದ್ದವು. ಬೇಸ್ ಗುಂಯ್ ಅನ್ನುತ್ತಿತ್ತು. ಹಾಡುವವರ ದನಿ ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತಿತ್ತು. ನಾನು ಮಾಡಿದ್ದೇನು? ಆಂಪ್ಲಿಫೈಯರ್ ಬದಲಾಯಿಸಿದೆ! 50 ವಾಟ್ ಹೋಗಿ 100 ವಾಟ್ ಬಂತು, ಗುಂಯ್ ಮಾತ್ರ ಹೋಗಲಿಲ್ಲ. ವಾಟ್ ಎರಡರಷ್ಟಾದರೆ ಸಿಗುವುದು ಬರೀ 3 ಡೆಸಿಬೆಲ್ ಜಾಸ್ತಿ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತರಷ್ಟು ವಾಟ್ ಬೇಕು. ಇದು ತಿಳಿದದ್ದು ದುಡ್ಡು ಕೊಟ್ಟ ಮೇಲೆ.

ದನಿ ಚೆನ್ನಾಗಲೆಂದು ಕೆಲವರು ಪೆಟ್ಟಿಗೆ, ಅಂದರೆ ಆಂಪ್ಲಿಫೈಯರ್ ಅಥವಾ ಸ್ಪೀಕರ್, ಬದಲಿಸುತ್ತಾರೆ, ಕೆಲವರು ಕೋಣೆ ಸರಿಮಾಡುತ್ತಾರೆ, ಇನ್ನು ಕೆಲವರು ಮೈಕ್ ಇಟ್ಟು ಅಳೆದು ಸಾಫ್ಟ್‌ವೇರ್‌ನಲ್ಲಿ ತಿದ್ದುತ್ತಾರೆ. ನಾನೀಗ ಕೋಣೆಯ ಕಡೆಯವನು. ನಮ್ಮ ಭಾವ ಮೈಕ್ ಪಾರ್ಟಿ.

ಮೊದಲು ವೈರ್ ನೋಡಿ. ಒಂದು ಸ್ಪೀಕರ್‌ಗೆ ಮಾತ್ರ ಕೆಂಪು-ಕಪ್ಪು ಅದಲುಬದಲಾಗಿದ್ದರೆ ಬೇಸ್ ಸೊರಗುತ್ತದೆ, ದನಿ ನಡುವೆ ನಿಲ್ಲದೆ ಎಲ್ಲೆಲ್ಲೋ ತೇಲುತ್ತದೆ. ದುಬಾರಿ ಕೇಬಲ್ ಚಿಂತೆ ಬಿಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ 5 ಮೀಟರ್ ಎಳೆದರೂ ಹೋಗಿಬರುವ ದಾರಿಯ ತಡೆ ಸುಮಾರು 0.12 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಈಗ ಸರಿಸುವ ಕೆಲಸ. ಗೋಡೆಗೆ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತದೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ನಾನು ಹತ್ತು ಹತ್ತು ಸೆಂಟಿಮೀಟರ್ ಮುಂದಕ್ಕೆ ಎಳೆಯುತ್ತಾ, ಪ್ರತಿ ಸಲವೂ ಅದೇ ಹಾಡು ಹಾಕಿ ಕೇಳಿದೆ. 60 ಸೆಂಟಿಮೀಟರ್‌ಗೆ ಬಂದಾಗ ಕಂಬಳಿ ಜಾರಿತು. ಮೇಲಿನ ಸ್ವರ ನುಡಿಸುವ ಪುಟ್ಟ ಟ್ವೀಟರ್ ಕೂತವರ ಕಿವಿಯ ಎತ್ತರಕ್ಕಿರಲಿ. ಎರಡು ಸ್ಪೀಕರ್ ಮತ್ತು ನೀವು ಹೆಚ್ಚುಕಡಿಮೆ ಸಮಬಾಹು ತ್ರಿಕೋನವಾಗಿ.

ಕುರ್ಚಿಯನ್ನು ಮರೆಯಬೇಡಿ, ನಾನು ಮರೆತಿದ್ದೆ. ನನ್ನ ಕೋಣೆಯ ಉದ್ದ 4.3 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಸ್ ಆಸುಪಾಸು, ಅಂದರೆ ಸೆಕೆಂಡಿಗೆ 40 ಕಂಪನದ ತಗ್ಗು ಸ್ವರ. ಆ ಸ್ವರಕ್ಕೆ ಕೋಣೆಯೇ ದನಿಗೂಡಿಸುತ್ತದೆ. ಹಿಂದಿನ ಗೋಡೆಗೆ ಒರಗಿ ಕೂತರೆ ಅದು ಗುಡುಗುತ್ತದೆ, ಸರಿಯಾಗಿ ನಡುಮಧ್ಯೆ ಕೂತರೆ ಮಾಯ. ಎರಡರ ನಡುವೆ ಎಲ್ಲಾದರೂ ಕೂರಿ.

ಮುಂದೆ ಕನ್ನಡಿ ಆಟ. ನೀವು ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಬಡಿದೇ ದನಿ ನಿಮ್ಮ ಕಿವಿಗೆ ಮರಳುತ್ತದೆ, ಅಲ್ಲಿ ಪುಸ್ತಕದ ಕಪಾಟು ಅಥವಾ ದಪ್ಪ ಪರದೆ ಬರಲಿ. ತೆಳು ಫೋಮ್ ಅಂಟಿಸಿದರೆ ಮೇಲಿನ ಸ್ವರಗಳಷ್ಟೇ ಸಾಯುತ್ತವೆ, ಬೇಸ್ ಕೂದಲೂ ಕೊಂಕುವುದಿಲ್ಲ. ನನ್ನ ಫೋಮ್ ಈಗ ಅಟ್ಟದ ಮೇಲಿದೆ.

ಇಷ್ಟಾದರೂ 40 ಹರ್ಟ್ಸ್ ಸ್ವಲ್ಪ ಉಳಿದಿತ್ತು. ಭಾವ "ಕಿವಿ ಸುಳ್ಳು ಹೇಳುತ್ತೆ ಕಣಯ್ಯ" ಅಂತ ಮೈಕ್ ತಂದರು. ನಾನು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಇಟ್ಟರು. ರೂಮ್ ಈಕ್ಯೂ ವಿಝರ್ಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಗ್ರಾಫ್ ತೆಗೆದು, ಉಬ್ಬನ್ನು 6 ಡೆಸಿಬೆಲ್ ಇಳಿಸಿದರು. ಒಪ್ಪಿಕೊಂಡೆ, ಅವರೇ ಗೆದ್ದರು. ಆದರೆ 70 ಹರ್ಟ್ಸ್ ಹತ್ತಿರ ಒಂದು ಹಳ್ಳವಿತ್ತು, ಅದನ್ನೂ 9 ಡೆಸಿಬೆಲ್ ಏರಿಸಿ ತುಂಬಲು ಹೊರಟರು. ಆ ಸ್ವರಕ್ಕೆ ಎಂಟರಷ್ಟು ವಾಟ್ ಸುರಿದಂತಾಯಿತು, ಹಳ್ಳ ಮಾತ್ರ ಹಾಗೇ. ಗೋಡೆಯಿಂದ ಮರಳುವ ಅಲೆ ನೇರ ಬರುವ ಅಲೆಯನ್ನು ನುಂಗುವಾಗ ನೀವು ಎರಡನ್ನೂ ಏರಿಸುತ್ತೀರಿ, ಅಲ್ವಾ? ಕುರ್ಚಿಯನ್ನು 25 ಸೆಂಟಿಮೀಟರ್ ಸರಿಸಿದೆ, ಅರ್ಧ ತುಂಬಿತು. ಉಬ್ಬು ಇಳಿಸಲು ಸಾಫ್ಟ್‌ವೇರ್, ಹಳ್ಳಕ್ಕೆ ಕುರ್ಚಿ.

ಇದೆಲ್ಲ ಆದ ಮೇಲೂ ಹೊಸ ಪೆಟ್ಟಿಗೆ ಬೇಕೆನ್ನಿಸಿದರೆ, ಹಳೆಯದರ ಪಕ್ಕದಲ್ಲೇ ಕೇಳಿ. ಎರಡರ ಜೋರು ಅಳೆದು ಸಮ ಮಾಡಿ, ಯಾಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಚೆನ್ನ ಅನ್ನಿಸುತ್ತದೆ. ಯಾವುದು ಓಡುತ್ತಿದೆ ಅಂತ ನಿಮಗೆ ತಿಳಿಯದ ಹಾಗೆ ಇನ್ನೊಬ್ಬರು ಬದಲಿಸಲಿ.

ಸ್ಪೀಕರ್ ಕೂತ ಜಾಗಕ್ಕೆ ನೆಲದ ಮೇಲೆ ಟೇಪ್ ಹಚ್ಚಿಡಿ. ಕಸ ಗುಡಿಸುವಾಗ ಅವು ಮತ್ತೆ ಗೋಡೆಗೇ ಹೋಗಿ ನಿಲ್ಲುತ್ತವೆ.